ಕಲಿತದ್ದು ಹಳತಾಗುವ ಕಾಯಕ

ಸಂಪಾದಕರು ಈ ತಿಂಗಳು ನನ್ನ ಕೈಗಿತ್ತ ಪತ್ರಗಳಲ್ಲಿ ಒಂದು ಬೆಂಗಳೂರಿನಿಂದ ಬಂದುದು. ಬರೆದಾತ ಜಾಲತಾಣಗಳನ್ನು ಕಟ್ಟುವ ಉದ್ಯೋಗದಲ್ಲಿರುವ ತರುಣ. ಆತನ ತಂದೆ ಊರಿನಲ್ಲಿ ನಮ್ಮ ಪತ್ರಿಕೆಯ ಹಳೆಯ ಚಂದಾದಾರರು. 2015ರಲ್ಲಿ ಕೆಲಸಕ್ಕೆ ಸೇರಿದಾಗ ಆತ ಕಲಿತ ಆಂಗ್ಯುಲರ್‌ಜೆಎಸ್ ಎಂಬ ಸಾಧನವು ಮರುವರ್ಷವೇ ಹಳತೆನಿಸಿಕೊಂಡಿತು. ಬಳಿಕ ರಿಯಾಕ್ಟ್ ಎಂಬುದನ್ನು ಕಲಿತ; ಅದು ಕೈಗೂಡುವಷ್ಟರಲ್ಲಿ ಅದನ್ನು ಬರೆಯುವ ಕ್ರಮವೇ ಬೇರೆಯಾಯಿತು. ಈಗ ಕೃತಕ ಬುದ್ಧಿಮತ್ತೆಯ ಯಂತ್ರವು ಆ ಕೆಲಸವನ್ನೆಲ್ಲ ತಾನೇ ಮಾಡುವೆನೆಂದು ಮುಂದೆ ಬಂದು ನಿಂತಿದೆ. ಹಗಲು ಕಂಪನಿಯ ದುಡಿಮೆ, ರಾತ್ರಿ ಹೊಸದರ ಅಭ್ಯಾಸ, ರವಿವಾರಕ್ಕೂ ಬಿಡುವಿಲ್ಲ. ನಲವತ್ತು ತುಂಬುವ ಮೊದಲೇ ತಾನು ಯಾರಿಗೂ ಬೇಡದವನಾಗುವೆನೇನೋ ಎಂಬ ಅಳುಕು ಆತನದು. ಈ ಕಾಯಕವನ್ನೇ ಬಿಟ್ಟುಬಿಡಲೇ ಎಂದು ಕೇಳಿದ್ದಾನೆ.

ಇಂಥ ಮಕ್ಕಳು ಇಂದು ನಮ್ಮ ಅನೇಕ ಮನೆಗಳಲ್ಲಿದ್ದಾರೆ. ನಾನು ಮಠದ ಪಾಠಶಾಲೆಯಲ್ಲಿ ವ್ಯಾಕರಣವನ್ನೋದಿದವನು. ಈ ವಿದ್ಯೆ ನನ್ನದಲ್ಲ. ಆದರೆ ಮಠದ ಪ್ರಸಾದನಿಲಯದಲ್ಲಿದ್ದು ಓದಿ, ಇಂದು ಇದೇ ಉದ್ಯೋಗದಲ್ಲಿರುವ ಇಬ್ಬರು ಶಿಷ್ಯರನ್ನು ಎದುರಿಗೆ ಕುಳ್ಳಿರಿಸಿಕೊಂಡು ಎರಡು ದಿನ ಪ್ರಶ್ನಿಸಿ ತಿಳಿದುಕೊಂಡೆ. ಬೇಸರಿಸದೆ ಉತ್ತರಿಸಿದರು, ಪಾಪ.

ಮೊದಲು ಮನೆಯ ಹಿರಿಯರಿಗಾಗಿ ಎರಡು ಮಾತು. ರೈಲಿನ ಟಿಕೆಟನ್ನು ಮೊಬೈಲಿನಲ್ಲಿ ಕಾಯ್ದಿರಿಸುವಾಗ ನಮ್ಮ ಕಣ್ಣಿಗೆ ಕಾಣುವ ಪುಟ, ಊರಿನ ಹೆಸರನ್ನು ಬರೆಯುವ ಖಾನೆ, ಒತ್ತುವ ಗುಂಡಿ, ತಪ್ಪು ಬರೆದರೆ ಮೂಡುವ ಕೆಂಪಕ್ಷರದ ಎಚ್ಚರಿಕೆ, ಇವೆಲ್ಲವನ್ನೂ ಕಟ್ಟುವುದು ಫ್ರಂಟ್-ಎಂಡ್ ಎಂಬ ಕೆಲಸ. ಆಸನಗಳ ಲೆಕ್ಕವನ್ನಿಡುವ ಹಿಂಬದಿಯ ಯಂತ್ರದ ಕೆಲಸ ಬೇರೆಯವರದು. ಮುಂಬದಿಯ ಈ ಕೆಲಸಕ್ಕೆ ಆಧಾರವಾದ ಭಾಷೆಗಳು ಮೂರೇ. ಪುಟದಲ್ಲಿ ಏನಿದೆ, ಯಾವುದು ಶೀರ್ಷಿಕೆ, ಯಾವುದು ಗುಂಡಿ ಎಂದು ಹೇಳುವುದು ಎಚ್‌ಟಿಎಂಎಲ್. ಅದು ಹೇಗೆ ಕಾಣಬೇಕೆಂದು ಹೇಳುವುದು ಸಿಎಸ್‌ಎಸ್. ಒತ್ತಿದರೆ ಏನಾಗಬೇಕೆಂದು ಹೇಳುವುದು ಜಾವಾಸ್ಕ್ರಿಪ್ಟ್. ಮೊದಲನೆಯದು ಜಿನೀವಾ ಬಳಿಯ ಸರ್ನ್ ಸಂಶೋಧನಾಲಯದಲ್ಲಿ ಟಿಮ್ ಬರ್ನರ್ಸ್-ಲೀ ಅವರು ರೂಪಿಸಿದುದು. ಮೊದಲ ಜಾಲತಾಣ 1991ರಲ್ಲಿ ಲೋಕಕ್ಕೆ ತೆರೆದುಕೊಂಡಿತು. ಎರಡನೆಯದನ್ನು ಹೋಕನ್ ವಿಯುಮ್ ಲೀ ಎಂಬವರು 1994ರಲ್ಲಿ ಸೂಚಿಸಿದರು. 1996ರಲ್ಲಿ ಅದು ಅಧಿಕೃತವಾಯಿತು. ಮೂರನೆಯದನ್ನು ಬ್ರೆಂಡನ್ ಐಕ್ ಎಂಬವರು ನೆಟ್‌ಸ್ಕೇಪ್ ಕಂಪನಿಯಲ್ಲಿ 1995ರ ಮೇ ತಿಂಗಳಿನಲ್ಲಿ ಹತ್ತೇ ದಿನಗಳಲ್ಲಿ ರಚಿಸಿದರು. ಹತ್ತು ದಿನದ ಕೂಸು ಮೂವತ್ತು ವರ್ಷಗಳಿಂದ ಲೋಕದ ಭಾರವನ್ನು ಹೊತ್ತಿದೆ.

ಹಾಗಾದರೆ ದಿನಬೆಳಗಾದರೆ ಬದಲಾಗುವುದು ಯಾವುದು? ಈ ಮೂರರ ಮೇಲೆ ಕಟ್ಟಿದ ಸಲಕರಣೆಗಳು. ಅವುಗಳನ್ನು ಲೈಬ್ರರಿ ಎಂದೂ ಫ್ರೇಮ್‌ವರ್ಕ್ ಎಂದೂ ಕರೆಯುತ್ತಾರೆ. 2006ರಲ್ಲಿ ಜಾನ್ ರೆಸಿಗ್ ಅವರ ಜೆಕ್ವೆರಿ ಬಂದಾಗ ಅದಕ್ಕೊಂದು ನ್ಯಾಯವಾದ ಕಾರಣವಿತ್ತು. ಒಂದು ಬ್ರೌಸರಿನಲ್ಲಿ ನಡೆಯುವುದು ಇನ್ನೊಂದರಲ್ಲಿ ನಡೆಯುತ್ತಿರಲಿಲ್ಲ. ಆ ಭೇದಗಳನ್ನೆಲ್ಲ ಅದು ತನ್ನ ಹೊಟ್ಟೆಯಲ್ಲಿಟ್ಟುಕೊಂಡು ಬರೆಯುವವನಿಗೆ ಒಂದೇ ಮಾತನ್ನು ಕೊಟ್ಟಿತು. 2010ರಲ್ಲಿ ಗೂಗಲ್ಲಿನಿಂದ ಆಂಗ್ಯುಲರ್‌ಜೆಎಸ್ ಬಂದಿತು. 2013ರಲ್ಲಿ ಫೇಸ್‌ಬುಕ್ ರಿಯಾಕ್ಟನ್ನು ಎಲ್ಲರಿಗೂ ಬಿಟ್ಟುಕೊಟ್ಟಿತು. 2014ರಲ್ಲಿ ವ್ಯೂ. 2016ರ ಸೆಪ್ಟೆಂಬರಿನಲ್ಲಿ ಆಂಗ್ಯುಲರಿನ ಎರಡನೆಯ ಆವೃತ್ತಿಯು ಮೊದಲನೆಯದರೊಡನೆ ನಂಟನ್ನೇ ಕಡಿದುಕೊಂಡು ಬುಡದಿಂದ ಹೊಸದಾಗಿ ಬಂದಿತು. ಮೊದಲನೆಯದಕ್ಕಿದ್ದ ಬೆಂಬಲ 2021ರ ಡಿಸೆಂಬರಿನ ಕೊನೆಗೆ ನಿಂತುಹೋಯಿತು. ಹಳೆಯದರಲ್ಲಿ ಪಳಗಿದವರ ವರ್ಷಗಳ ಅಭ್ಯಾಸದಲ್ಲಿ ಬಹುಭಾಗ ಆ ಹಳೆಯ ಹೆಸರಿನೊಡನೆಯೇ ಹೋಯಿತು. ರಿಯಾಕ್ಟ್ ಅಷ್ಟು ನಿಷ್ಠುರವಾಗಲಿಲ್ಲ. 2019ರ ಫೆಬ್ರುವರಿಯಲ್ಲಿ ಹುಕ್ಸ್ ಎಂಬ ಹೊಸ ಕ್ರಮವನ್ನು ತಂದರೂ ಹಳೆಯ ಕ್ರಮದಲ್ಲಿ ಬರೆದುದು ನಡೆಯುವಂತೆ ಉಳಿಸಿಕೊಂಡಿತು. ಆದರೂ ರಿಯಾಕ್ಟ್ ಯೋಜನೆಯನ್ನು ಆರಂಭಿಸಲು 2016ರಿಂದ ಎಲ್ಲರೂ ಬಳಸುತ್ತಿದ್ದ ಸಲಕರಣೆಯನ್ನು ಹೊಸ ಕೆಲಸಕ್ಕೆ ಬಳಸಬೇಡಿರೆಂದು 2025ರ ಫೆಬ್ರುವರಿಯಲ್ಲಿ ಅದನ್ನು ನಡೆಸುವವರೇ ಸಾರಿದರು. 2015-16ರ ಸುಮಾರಿಗೇ ಈ ಅವಸ್ಥೆಗೆ ‘ಜಾವಾಸ್ಕ್ರಿಪ್ಟ್ ದಣಿವು’ ಎಂಬ ಹೆಸರು ಆ ವಲಯದಲ್ಲಿ ಹುಟ್ಟಿಕೊಂಡಿತ್ತು. ಎಂದ ಮೇಲೆ ಆಯಾಸ ಈ ತರುಣನೊಬ್ಬನದಲ್ಲ. ಅವನ ಬುದ್ಧಿಯ ಕೊರತೆಯಂತೂ ಅಲ್ಲವೇ ಅಲ್ಲ.

ಇಷ್ಟು ಬೇಗ ಬದಲಾಗಲು ಕಾರಣವೇನೆಂದು ಶಿಷ್ಯರನ್ನು ಕೇಳಿದೆ. ಒಂದು ಕಾರಣ ಪ್ರಾಮಾಣಿಕವಾದುದು. ಓದುವ ಕಾಗದದಂತಿದ್ದ ಪುಟವು ಕ್ರಮೇಣ ಯಂತ್ರದಂತಾಯಿತು. 2007ರ ಬಳಿಕ ಅಂಗೈಯ ಫೋನಿನಲ್ಲಿಯೂ ಅದು ಹೊಂದಿಕೊಳ್ಳಬೇಕಾಯಿತು. ಹೊಸ ಅಗತ್ಯಕ್ಕೆ ಹೊಸ ಸಲಕರಣೆ ಬಂದುದು ಸಹಜವೇ. ಇನ್ನೊಂದು ಕಾರಣ ಅಷ್ಟು ಗೌರವದ್ದಲ್ಲ. ಸಾವಿರಾರು ಎಂಜಿನಿಯರುಗಳಿರುವ ಕಂಪನಿಯೊಂದು ತನ್ನ ಕಷ್ಟಕ್ಕೆ ಕಂಡುಕೊಂಡ ಉಪಾಯವನ್ನು, ಆ ಕಷ್ಟವೇ ಇಲ್ಲದವರೂ ತಲೆಯ ಮೇಲೆ ಹೊತ್ತುಕೊಂಡರು. ಫೇಸ್‌ಬುಕ್ಕಿನ ಪರದೆಯಲ್ಲಿ ಓದದಿರುವ ಸಂದೇಶಗಳ ಸಂಖ್ಯೆಯನ್ನು ತೋರಿಸುವ ಪುಟ್ಟ ಗುರುತಿದೆಯಷ್ಟೆ. ಹೊಸ ಸಂದೇಶವಿಲ್ಲದಿದ್ದರೂ ಅಲ್ಲಿ ಸಂಖ್ಯೆ ಮೂಡುವ ದೋಷವು, ಸರಿಪಡಿಸಿದಷ್ಟೂ ಮರಳಿ ಬರುತ್ತಿತ್ತೆಂದು ಆ ಕಂಪನಿಯವರೇ 2014ರಲ್ಲಿ ವಿವರಿಸಿದ್ದಾರೆ. ಪರದೆಯ ಹತ್ತು ಮೂಲೆಗಳು ಒಂದೇ ಲೆಕ್ಕವನ್ನು ಹೇಳಬೇಕಾದಲ್ಲಿ ಅವರ ಕ್ರಮ ನಿಜಕ್ಕೂ ಉಪಕಾರಿ. ಆದರೆ ಐದು ಪುಟಗಳ ಕಲ್ಯಾಣಮಂಟಪದ ಜಾಲತಾಣಕ್ಕೂ ಅದೇ ಬೇಕೆಂದರೆ, ತುಳಸಿಕಟ್ಟೆಗೆ ನೀರುಣಿಸಲು ಕಾಲುವೆ ತೋಡಿಸಿದಂತೆ. ಹೊಸ ಹೆಸರು ಕೇಳಿದೊಡನೆ ಇದು ಯಾರ ಯಾವ ಕಷ್ಟಕ್ಕೆ ಹುಟ್ಟಿತು, ಆ ಕಷ್ಟ ನನಗಿದೆಯೇ ಎಂದು ವಿಚಾರಿಸುವವನಿಗೆ ಅರ್ಧ ಭಾರ ಅಲ್ಲಿಯೇ ಇಳಿಯುತ್ತದೆ.

ಮಿಕ್ಕರ್ಧ ಇಳಿಯಬೇಕಾದರೆ ತಳದ ನೆಲ ಎಂಥದೆಂಬುದನ್ನು ಕಾಣಬೇಕು. ನನಗೆ ಅತ್ಯಂತ ಸ್ವಾರಸ್ಯವೆನಿಸಿದ ಸಂಗತಿ ಇದೇ ಆದುದರಿಂದ ತುಸು ವಿಸ್ತರಿಸುತ್ತೇನೆ. ಸರ್ನ್ ಸಂಸ್ಥೆಯವರು ಆ ಮೊದಲ ಜಾಲತಾಣವನ್ನು 2013ರಲ್ಲಿ ಅದರ ಮೂಲ ವಿಳಾಸದಲ್ಲಿಯೇ ಮರಳಿ ನೆಲೆಗೊಳಿಸಿದ್ದಾರೆ. ಮೂವತ್ತು ವರ್ಷಗಳಿಗೂ ಹಿಂದೆ ಬರೆದ ಆ ಪುಟವನ್ನು ಶಿಷ್ಯನೊಬ್ಬ ತನ್ನ ಮೊಬೈಲಿನಲ್ಲಿ ತೆರೆದು ತೋರಿಸಿದ. ಒಂದಕ್ಷರವೂ ಕೆಡದೆ ತೆರೆದುಕೊಂಡಿತು. ಇದು ಆಕಸ್ಮಿಕವಲ್ಲ, ವ್ರತದಂತೆ ಪಾಲಿಸಿಕೊಂಡು ಬಂದ ನಿಯಮದ ಫಲ: ಹಿಂದೆ ಕಟ್ಟಿದುದನ್ನು ಮುರಿಯಲಾಗದು.

ಆ ನಿಯಮ ಎಷ್ಟು ಬಿಗಿಯೆಂಬುದಕ್ಕೆ 2018ರಲ್ಲಿ ನಡೆದ ಘಟನೆಯೊಂದು ಸಾಕ್ಷಿ. ಜಾವಾಸ್ಕ್ರಿಪ್ಟಿನ ವ್ಯಾಕರಣವನ್ನು ನಿರ್ಣಯಿಸುವ ಟಿಸಿ39 ಎಂಬ ಸಮಿತಿಯು, ಪಟ್ಟಿಯೊಳಗೆ ಪಟ್ಟಿಗಳಿದ್ದರೆ ಅವುಗಳನ್ನೆಲ್ಲ ಒಂದೇ ಸಾಲಿಗೆ ತರುವ ಹೊಸ ಸೌಲಭ್ಯವೊಂದನ್ನು ಸೇರಿಸಬೇಕೆಂದಿತ್ತು. ಅದಕ್ಕೆ ‘ಫ್ಲಾಟನ್’ ಎಂದು ಹೆಸರಿಡುವುದಿತ್ತು. ಬ್ರೌಸರಿನಲ್ಲಿ ಪರೀಕ್ಷೆಗಿಟ್ಟಾಗ ಎಲ್ಲಿಯೋ ಒಂದು ಜಾಲತಾಣ ಕೆಟ್ಟಿತು. ವಿಚಾರಿಸಿದರೆ, ಸುಮಾರು ಹತ್ತು ವರ್ಷಗಳ ಹಿಂದೆ ಜನಪ್ರಿಯವಾಗಿದ್ದು ಆ ವೇಳೆಗೆ ಬಹುತೇಕರು ಮರೆತಿದ್ದ ಮೂಟೂಲ್ಸ್ ಎಂಬ ಲೈಬ್ರರಿಯು ಅದೇ ಹೆಸರನ್ನು ತನ್ನದೇ ಆದ ರೀತಿಯಲ್ಲಿ ಬಳಸಿಕೊಂಡಿತ್ತು. ಹಳೆಯ ಜಾಲತಾಣಗಳು ಹಾಳಾದರೆ ಹಾಳಾಗಲಿ ಎಂದು ಹೇಳಿದವರೂ ಇದ್ದರು. ಬಿಸಿಬಿಸಿ ವಾದ ನಡೆಯಿತು. ಪರಿಹಾಸಕ್ಕೆ ವಿಚಿತ್ರವಾದ ಬದಲಿ ಹೆಸರನ್ನು ಸೂಚಿಸಿದವರಿಗೂ ಕಡಮೆಯಿರಲಿಲ್ಲ. ಕೊನೆಗೆ ಸಮಿತಿ ತಲೆಬಾಗಿದ್ದು ಆ ಹಳೆಯ ಪುಟಗಳಿಗೆ. ಹೊಸ ಸೌಲಭ್ಯದ ಹೆಸರನ್ನು ‘ಫ್ಲಾಟ್’ ಎಂದು ಮೊಟಕುಗೊಳಿಸಿ 2019ರ ಆವೃತ್ತಿಗೆ ಸೇರಿಸಿದರು. ಮರೆತುಹೋದವರ ಪುಟವೂ ಕೆಡಬಾರದೆಂದು ಲೋಕವೆಲ್ಲ ಬಳಸುವ ಭಾಷೆಯೊಂದು ತನ್ನ ಪದವನ್ನೇ ತಿದ್ದಿಕೊಂಡಿತು. ಹಾಗೆಯೇ, ಆ ಭಾಷೆಯಲ್ಲಿ ‘ಏನೂ ಇಲ್ಲ’ ಎಂಬ ಅರ್ಥದ ಬೆಲೆಯ ಜಾತಿ ಯಾವುದೆಂದು ಕೇಳಿದರೆ ‘ವಸ್ತು’ ಎಂಬ ಉತ್ತರ ಬರುತ್ತದೆಯಂತೆ. 1995ರ ಅವಸರದಲ್ಲಿ ಉಳಿದುಹೋದ ದೋಷವದು. ಅದನ್ನು ನಂಬಿ ಬರೆದವರಿರಬಹುದೆಂದು ಇಂದಿಗೂ ತಿದ್ದಿಲ್ಲ.

ಇದನ್ನು ಕೇಳುವಾಗ ನನಗೆ ಪಾಣಿನಿಯ ನೆನಪಾಯಿತು. ಸುಮಾರು ನಾಲ್ಕು ಸಾವಿರ ಸೂತ್ರಗಳ ಅಷ್ಟಾಧ್ಯಾಯಿಯನ್ನು ಇದ್ದ ಕ್ರಮದಲ್ಲಿಯೇ ಕಲಿಯುವುದು ಕಷ್ಟವೆಂದು ಕಾಲಕಾಲಕ್ಕೆ ಪಂಡಿತರು ಹೊಸ ಹೊಸ ಪಾಠಕ್ರಮಗಳನ್ನು ಕಟ್ಟಿದರು. ಹದಿನೇಳನೆಯ ಶತಮಾನದಲ್ಲಿ ಭಟ್ಟೋಜಿ ದೀಕ್ಷಿತರು ಸಿದ್ಧಾಂತಕೌಮುದಿಯನ್ನು ರಚಿಸಿದರು. ಅವರ ಶಿಷ್ಯ ವರದರಾಜರು ಅದನ್ನೂ ಹ್ರಸ್ವಗೊಳಿಸಿ ಲಘುಕೌಮುದಿಯನ್ನು ಕೊಟ್ಟರು. ನಾವು ಪಾಠಶಾಲೆಯಲ್ಲಿ ಕಲಿತದ್ದು ಲಘುಕೌಮುದಿಯಿಂದ. ಪುಸ್ತಕ ಬದಲಾಯಿತು, ಜೋಡಣೆ ಬದಲಾಯಿತು, ಸೂತ್ರ ಬದಲಾಗಲಿಲ್ಲ. ಸೂತ್ರಾರ್ಥವನ್ನರಿತವನ ಕೈಗೆ ಯಾವ ಕೌಮುದಿಯನ್ನು ಕೊಟ್ಟರೂ ಒಂದು ವಾರದಲ್ಲಿ ದಾರಿ ಕಂಡುಕೊಳ್ಳುತ್ತಾನೆ. ರೂಪಗಳನ್ನು ಮಾತ್ರ ಬಾಯಿಪಾಠ ಮಾಡಿದವನು ಪುಟ ಮಗುಚಿದರೆ ತಬ್ಬಿಬ್ಬಾಗುತ್ತಾನೆ.

ಕನ್ನಡಿಗರಾದ ನಾವು ಈ ಪಾಠವನ್ನು ಬೇರೊಂದು ರೀತಿಯಲ್ಲಿ ಕಲಿತಿದ್ದೇವೆ. 1990ರ ದಶಕದಲ್ಲಿ ಗಣಕಯಂತ್ರದ ಕನ್ನಡ ಅಕ್ಷರಗಳಿಗೆ ಒಬ್ಬೊಬ್ಬ ತಯಾರಕರದು ಒಂದೊಂದು ಗುಪ್ತ ಸಂಕೇತ. ಒಂದರಲ್ಲಿ ಬೆರಳಚ್ಚಿಸಿದ ಲೇಖನ ಇನ್ನೊಂದರಲ್ಲಿ ಅರ್ಥವಿಲ್ಲದ ಗೀಚಾಗುತ್ತಿತ್ತು. ಆ ಅಕ್ಷರವಿನ್ಯಾಸಗಳನ್ನು ನಂಬಿ ಕಟ್ಟಿದ ಎಷ್ಟೋ ಕನ್ನಡ ಪುಟಗಳು ಆ ಫಾಂಟುಗಳು ಬಳಕೆ ತಪ್ಪಿದಾಗ ಓದಲಾರದಂತಾದವು. ಆದರೆ 1991ರಲ್ಲಿಯೇ ಯೂನಿಕೋಡ್ ಎಂಬ ಜಾಗತಿಕ ಸಂಕೇತದ ಮೊದಲ ಆವೃತ್ತಿಯಲ್ಲಿ ಕನ್ನಡಕ್ಕೆ ಸ್ಥಾನ ದೊರೆತಿತ್ತು. ನಿಧಾನವಾಗಿಯಾದರೂ ಅದರ ಮೇಲೆ ಬರೆದವರ ಕನ್ನಡ ಇಂದಿಗೂ ಯಾವ ಫೋನಿನಲ್ಲಿಯೂ ಓದಲು ಸಿಗುತ್ತದೆ.

ಇಷ್ಟು ಹೇಳಿ ‘ತಮ್ಮಾ, ಮೂಲವನ್ನು ಕಲಿ, ಮಿಕ್ಕುದನ್ನು ಬಿಡು’ ಎಂದು ಕೈತೊಳೆದುಕೊಳ್ಳುವುದು ಸುಲಭ. ಅನೇಕ ಹಿರಿಯರು ಹೀಗೆಯೇ ಹೇಳುತ್ತಾರೆ. ಸಂದರ್ಶನಕ್ಕೆ ಹೋದವನನ್ನು ‘ಎಚ್‌ಟಿಎಂಎಲ್ ಚೆನ್ನಾಗಿ ಬರುವುದೇ’ ಎಂದು ಕೇಳುವವರು ವಿರಳ. ಕೆಲಸದ ಜಾಹೀರಾತಿನಲ್ಲಿ ಇರುವುದು ಸಲಕರಣೆಯ ಹೆಸರು ಮತ್ತು ಅದರಲ್ಲಿ ಇಷ್ಟು ವರ್ಷಗಳ ಅನುಭವವೆಂಬ ಅಂಕಿ. ಮನೆಯ ಸಾಲದ ಕಂತು, ಮಕ್ಕಳ ಶಾಲೆಯ ಶುಲ್ಕ ಇರುವವನು ಅದನ್ನು ಕಡೆಗಣಿಸಲಾರ. ಆದುದರಿಂದ ನನ್ನ ಅಭಿಪ್ರಾಯದಲ್ಲಿ, ಅನ್ನ ಕೊಡುತ್ತಿರುವ ಒಂದು ಸಲಕರಣೆಯನ್ನು, ಈ ಹೊತ್ತಿಗೆ ಬಹುಮಂದಿಗೆ ಅದು ರಿಯಾಕ್ಟ್, ಆಳವಾಗಿ ಬಲ್ಲವನಾಗಿರಬೇಕು. ಎರಡನೆಯದನ್ನು ಕೆಲಸವೇ ಕೇಳಿದಾಗ ಕಲಿತರಾಯಿತು. ಮೂರನೆಯ, ನಾಲ್ಕನೆಯವುಗಳ ಹೆಸರು ಮತ್ತು ಉದ್ದೇಶ ತಿಳಿದಿದ್ದರೆ ಸಾಕು. ಊರಿಗೆ ಬಂದವಳು ನೀರಿಗೆ ಬಾರದಿರುವಳೇ? ನಿಜಕ್ಕೂ ಸತ್ತ್ವವುಳ್ಳದ್ದಾದರೆ ಒಂದೆರಡು ವರ್ಷಗಳಲ್ಲಿ ತಾನಾಗಿಯೇ ಕಚೇರಿಯ ಬಾಗಿಲಿಗೆ ಬರುತ್ತದೆ, ಅಷ್ಟರಲ್ಲಿ ಅದರ ಮುಳ್ಳುಗಳನ್ನು ಬೇರೆಯವರು ಕಿತ್ತಿರುತ್ತಾರೆ. ಅಮೆರಿಕದ ಎಂಜಿನಿಯರ್ ಡ್ಯಾನ್ ಮೆಕಿನ್ಲಿ ಎಂಬವರು 2015ರಲ್ಲಿ ಬರೆದ ಲೇಖನವೊಂದರಲ್ಲಿ, ಪ್ರತಿ ಕಂಪನಿಯ ಕೈಯಲ್ಲಿ ಹೊಸತನಕ್ಕೆಂದು ಸುಮಾರು ಮೂರೇ ನಾಣ್ಯಗಳಿವೆಯೆಂದು ಭಾವಿಸಿ ಖರ್ಚು ಮಾಡಬೇಕೆಂದೂ, ಉಳಿದೆಡೆ ಬೇಸರ ತರಿಸುವಷ್ಟು ಹಳಗಿದ, ದೋಷಗಳೆಲ್ಲ ಬಯಲಾಗಿರುವ ಸಾಧನಗಳನ್ನೇ ಆರಿಸಬೇಕೆಂದೂ ವಾದಿಸಿದ್ದಾರೆ. ಒಬ್ಬ ಮನುಷ್ಯನ ಬಳಿ ಮೂರು ನಾಣ್ಯಗಳೂ ಇರಲಾರವು.

ಆಳವಾದ ಅಭ್ಯಾಸವೆಂದರೇನೆಂಬುದಕ್ಕೆ ಒಂದೇ ನಿದರ್ಶನ. ಒತ್ತಿದರೆ ಕೆಲಸ ಮಾಡುವ ಗುಂಡಿಯನ್ನು ಎಚ್‌ಟಿಎಂಎಲ್‌ನಲ್ಲಿ ಗುಂಡಿಯೆಂದೇ ಬರೆಯಬಹುದು. ಇಲ್ಲವೆ ಬರಿಯ ಪೆಟ್ಟಿಗೆಯೊಂದನ್ನು ಬರೆದು ಬಣ್ಣ ಬಳಿದು ಗುಂಡಿಯಂತೆ ಕಾಣಿಸಬಹುದು. ಕಣ್ಣಿರುವವನಿಗೆ ಎರಡೂ ಒಂದೇ. ಆದರೆ ಪರದೆಯನ್ನು ಓದಿ ಹೇಳುವ ತಂತ್ರಾಂಶವನ್ನು ಅವಲಂಬಿಸಿದ ಅಂಧರಿಗೆ, ಮೌಸ್ ಹಿಡಿಯಲಾರದೆ ಕೀಲಿಮಣೆಯಿಂದಲೇ ನಡೆಸುವವರಿಗೆ, ಎರಡನೆಯದು ಗುಂಡಿಯೇ ಅಲ್ಲ. ಅವರ ಟಿಕೆಟ್ ಅಲ್ಲಿಗೇ ನಿಲ್ಲುತ್ತದೆ. ಈ ಕುರಿತ ಅಂತರರಾಷ್ಟ್ರೀಯ ಮಾರ್ಗಸೂಚಿ 1999ರಲ್ಲಿಯೇ ಬಂದಿದೆ. ಡಿಜಿಟಲ್ ಸೇವೆಗಳು ಎಲ್ಲರಿಗೂ ಎಟುಕುವಂತಿರುವುದು ಸಂವಿಧಾನದ 21ನೆಯ ವಿಧಿಯ ಬದುಕುವ ಹಕ್ಕಿನ ಭಾಗವೆಂದು ನಮ್ಮ ಸರ್ವೋಚ್ಚ ನ್ಯಾಯಾಲಯವು 2025ರ ಏಪ್ರಿಲಿನಲ್ಲಿ ತೀರ್ಪಿತ್ತಿದೆ. ಹೊಸ ಹೊಸ ಸಲಕರಣೆಗಳ ಬೆನ್ನಟ್ಟಿ ಓಡುವವರಲ್ಲಿ ಎಷ್ಟೋ ಮಂದಿಗೆ ಈ ಗುಂಡಿಯ ಭೇದ ತಿಳಿಯದೆಂದು ಶಿಷ್ಯರು ಹೇಳಿದಾಗ ನನಗೆ ವಿಸ್ಮಯವಾಯಿತು. ಇದನ್ನು ಬಲ್ಲವನ ವಿದ್ಯೆಯನ್ನು ಮುಂದಿನ ವರ್ಷ ಬರುವ ಯಾವ ಫ್ರೇಮ್‌ವರ್ಕೂ ಹಳತುಮಾಡಲಾರದು.

ಕೃತಕ ಬುದ್ಧಿಮತ್ತೆಯ ವಿಷಯದಲ್ಲಿ ಭವಿಷ್ಯ ನುಡಿಯುವ ಸಾಹಸಕ್ಕೆ ನಾನು ಹೋಗಲಾರೆ. 2021ರಲ್ಲಿ ಕೋಪೈಲಟ್, 2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ, ಕೇಳಿದ ಪುಟವನ್ನು ಯಂತ್ರವು ಕ್ಷಣದಲ್ಲಿ ಬರೆದುಕೊಡುತ್ತದೆಂಬುದು ನಿಜ. ಶಿಷ್ಯರೂ ಬಳಸುತ್ತಾರೆ. ಆದರೆ ಅದು ಹಿಂದೆ ಜನರು ಬರೆದುದನ್ನು ಓದಿ ಕಲಿತದ್ದು. ಬಳಕೆ ತಪ್ಪಿದ ಕ್ರಮವನ್ನೂ, ಮೇಲೆ ಹೇಳಿದ ಸುಳ್ಳು ಗುಂಡಿಯನ್ನೂ ಅಷ್ಟೇ ಆತ್ಮವಿಶ್ವಾಸದಿಂದ ಬರೆದುಕೊಡುತ್ತದೆಯಂತೆ. ಸರಿತಪ್ಪನ್ನು ತೂಗಿ ಹೇಳುವವನು ಬೇಕಾಗುತ್ತಾನೆ. ಎಷ್ಟು ಮಂದಿ ಬೇಕಾಗುತ್ತಾರೆಂಬುದು ಬೇರೆ ಪ್ರಶ್ನೆ. ಆ ಅಳುಕನ್ನು ಸುಳ್ಳು ಸಮಾಧಾನದಿಂದ ಮುಚ್ಚಿಹಾಕುವುದು ಉಚಿತವಲ್ಲ.

ಇನ್ನು ರಾತ್ರಿಯ ಅಭ್ಯಾಸ. ಇಲ್ಲಿ ನನಗೆ ತುಸು ಸಿಟ್ಟೂ ಇದೆ. ಕಂಪನಿಯ ಕೆಲಸಕ್ಕೆ ಬೇಕಾದ ಸಲಕರಣೆಯನ್ನು ಕಲಿಯುವುದೂ ಕಂಪನಿಯ ಕೆಲಸವೇ. ಬಡಗಿಗೆ ಉಳಿ ಮಸೆಯುವ ಹೊತ್ತನ್ನು ಯಾವ ಯಜಮಾನನೂ ಕೂಲಿಯಿಂದ ಕಳೆಯುತ್ತಿರಲಿಲ್ಲ. ಹೊಸ ಆವೃತ್ತಿಗೆ ಹೋಗಬೇಕೆಂದು ನಿರ್ಧಾರವಾದಾಗ, ‘ಇದಕ್ಕೆ ಇಷ್ಟು ದಿನಗಳ ಕಲಿಕೆ ಬೇಕು’ ಎಂದು ಯೋಜನೆಯಲ್ಲಿಯೇ ಬರೆಯಿಸಿ ಕೇಳಬೇಕು. ಒಬ್ಬನೇ ಕೇಳಿದರೆ ಆಲಸಿಯೆನ್ನುವರು. ತಂಡವೇ ಕೇಳಿದರೆ ಕಿವಿಗೊಡುವರು. ವಾರಕ್ಕೆ ಎರಡು ಗಂಟೆ ಹೀಗೆ ಪಡೆದುಕೊಂಡ ತಂಡವೊಂದರಲ್ಲಿ ನನ್ನ ಶಿಷ್ಯರಲ್ಲೊಬ್ಬನಿದ್ದಾನೆ. ಸರದಿಯಂತೆ ಒಬ್ಬ ಓದಿ ಬಂದು ಉಳಿದವರಿಗೆ ಪಾಠ ಹೇಳುತ್ತಾನಂತೆ. ಪಾಠಶಾಲೆಗಳಲ್ಲಿ ಹಿರಿಯ ವಿದ್ಯಾರ್ಥಿ ಕಿರಿಯರಿಗೆ ಹೇಳಿಕೊಡುತ್ತಿದ್ದ ಕ್ರಮವೇ ಇದು.

ಮನೆಯವರಿಗೂ ಒಂದು ಮಾತು ಹೇಳಬೇಕಾಗಿದೆ. ಮಗ ಇನ್ನೊಂದು ಪ್ರಮಾಣಪತ್ರ ಪಡೆದರೆ ಭದ್ರನಾಗುವನೆಂದು ಭಾವಿಸಿ ಸಾವಿರಾರು ರೂಪಾಯಿಗಳ ಕೋರ್ಸಿಗೆ ಸೇರಲು ಒತ್ತಾಯಿಸುವ ತಂದೆತಾಯಿಯರಿದ್ದಾರೆ. ಪಕ್ಕದ ಮನೆಯ ಹುಡುಗಿ ಯಾವುದನ್ನೋ ಕಲಿತಳಂತೆ ಎಂಬ ಮಾತು ಊಟದ ಹೊತ್ತಿಗೆ ಬರಕೂಡದು. ರಿಯಾಕ್ಟ್, ವ್ಯೂಗಳನ್ನು ನಡೆಸುವವರೇ ಬರೆದ ಪಾಠಗಳು ಉಚಿತವಾಗಿ ದೊರೆಯುತ್ತವೆ. ಮೂರು ಮೂಲಭಾಷೆಗಳಿಗೆ ಮೊಜಿಲ್ಲಾ ಸಂಸ್ಥೆಯು 2005ರಿಂದ ಬೆಳೆಸಿಕೊಂಡು ಬಂದ ಎಂಡಿಎನ್ ಎಂಬ ಆಕರವೂ ಉಚಿತ.

ರಿಯಾಕ್ಟಿನ ಅಧಿಕೃತ ಪಾಠದಲ್ಲಿ ಒಂಬತ್ತು ಮನೆಗಳಲ್ಲಿ ಸೊನ್ನೆ ಮತ್ತು ಗುಣಾಕಾರದ ಗುರುತುಗಳನ್ನಿಡುವ ಮಕ್ಕಳ ಆಟವನ್ನು ಕಟ್ಟಿಸುತ್ತಾರೆ. ಅದನ್ನೇ ಮೊದಲು ಯಾವ ಸಲಕರಣೆಯೂ ಇಲ್ಲದೆ ಮೂರು ಮೂಲಭಾಷೆಗಳಲ್ಲಿ, ಬಳಿಕ ರಿಯಾಕ್ಟಿನಲ್ಲಿ, ಅನಂತರ ವ್ಯೂನಲ್ಲಿ ಬರೆದು ತೋರಿಸೆಂದು ಶಿಷ್ಯನಿಗೆ ಹೇಳಿದೆ. ವ್ಯೂ ಅವನಿಗೆ ಹೊಸದು. ಮೊದಲೆರಡನ್ನು ಬೆಳಗಿನಲ್ಲಿಯೇ ಮುಗಿಸಿದ. ಮೂರನೆಯದಕ್ಕೆ, ಪಾಠವನ್ನು ಓದಿಕೊಂಡೂ, ಒಂದು ಮಧ್ಯಾಹ್ನ ಹಿಡಿಯಿತು. ಗುರುತನ್ನಿಟ್ಟೊಡನೆ ಪರದೆಯನ್ನು ತಿದ್ದುವ ಸಾಲುಗಳು ಮೂರರಲ್ಲಿಯೂ ಬೇರೆ ಬೇರೆಯಾಗಿದ್ದವು. ಗೆದ್ದವರಾರೆಂದು ನಿರ್ಣಯಿಸುವ ಭಾಗವು ಮೂರರಲ್ಲಿಯೂ ಅಕ್ಷರಶಃ ಒಂದೇ ಆಗಿತ್ತು.